ಗಾಳಿ ಮುಟ್ಟದ ಗೋಡೆ

ಜೂನ್ ೩

ಚಿರಂಜೀವಿ ಗಾಳಿಪಟಕ್ಕೆ,

ನಿನ್ನ ಪತ್ರ ನಿನ್ನೆ ಮಧ್ಯಾಹ್ನದ ಟಪಾಲಿನಲ್ಲಿ ಕೈಸೇರಿತು. ಎರಡು ಸಲ ಓದಿದೆ. ಮೊದಲನೆಯದು ಸಂತೋಷಕ್ಕಾಗಿ, ಎರಡನೆಯದು ಕೆಂಪು ಪೆನ್ನು ಹಿಡಿದುಕೊಂಡು. ಮೂರು ತಪ್ಪುಗಳಿವೆ, ಗುರುತು ಹಾಕಿ ಇದರ ಜೊತೆಯಲ್ಲೇ ಹಿಂದಿರುಗಿಸಿದ್ದೇನೆ.

ಏಳನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು, ಪಾಠಕ್ಕಿಂತ ಹೆಚ್ಚಾಗಿ ಹೊರಗಿನ ಮರವನ್ನೇ ಓದುತ್ತಿದ್ದ ಹುಡುಗಿಗೆ ಆ ಹೆಸರಿಟ್ಟವನು ನಾನು. ಕಿಟಕಿಯ ಚಿಲಕ ಹಾಕಲು ಮರೆತು, ಶಾಲೆಗೆ ಒಂದು ಒಡೆದ ಗಾಜನ್ನೂ ನನ್ನ ಮೂಗಿನ ಮೇಲೆ ಒಂದು ಗಾಯದ ಕಚ್ಚನ್ನೂ ಉಳಿಸಿಹೋದವಳು ನೀನು. ಅದೇ ಹುಡುಗಿ ಈಗ ದೊಡ್ಡ ಆಸ್ಪತ್ರೆಯೊಂದರಲ್ಲಿ, ಮನುಷ್ಯರ ಮೂಗಿನೊಳಗೆ ಗಾಳಿ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಭಾಗದ ಮುಖ್ಯಸ್ಥೆ! ಬೀದಿಯ ಎಂಟು ಮನೆಗಳಿಗೂ ಹೇಳಿ ಬಂದೆ. ಔಷಧಿ ಅಂಗಡಿಯವನಿಗೆ ಹೇಳುವಾಗ ನಮ್ಮ ಮನೆಯವರು ಮೊಣಕೈಯಿಂದ ತಿವಿದು, "ಅವನಿಗೆ ಬೆಳಗ್ಗೇನೇ ಹೇಳಿದ್ರಲ್ಲ, ಮಾತ್ರೆ ತಗೊಂಡು ಬನ್ನಿ" ಎಂದರು. ಹೇಳಿದರೆ ಹೇಳಿದೆ. ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವನಿಗೆ ಅಷ್ಟು ಹಕ್ಕಿದೆ.

ದೂರವಾಣಿ ಮಾಡುತ್ತೇನೆಂದು ಬರೆದಿದ್ದೀಯೆ. ಬೇಡ. ದೂರವಾಣಿಯ ಮಾತಿಗೆ ಅಂಚು ಬಿಡಲು ಜಾಗವಿಲ್ಲ, ತಿದ್ದಲು ಆಸ್ಪದವಿಲ್ಲ. ಪತ್ರವನ್ನೇ ಬರೆ. ನಿನ್ನ ಕೆಲಸವೇನೆಂದು ಏಳನೆಯ ತರಗತಿಯ ಮಗುವಿಗೆ ತಿಳಿಯುವಂತೆ ವಿವರಿಸು. ಮಗುವಿಗೆ ತಿಳಿಯದಿದ್ದರೆ ನಿನಗೂ ತಿಳಿದಿಲ್ಲವೆಂದೇ ನನ್ನ ತೀರ್ಮಾನ.

ನಿನ್ನ
ಮೇಷ್ಟ್ರು

---

ಜೂನ್ ೧೯

ಪೂಜ್ಯ ಮೇಷ್ಟ್ರಿಗೆ,

ನಮಸ್ಕಾರ. ಮೂರು ತಪ್ಪುಗಳನ್ನೂ ಹತ್ತತ್ತು ಸಲ ತಿದ್ದಿ ಬರೆದಿದ್ದೇನೆ. ಆ ಹಾಳೆಯನ್ನು ಕಳಿಸುತ್ತಿಲ್ಲ, ದಯವಿಟ್ಟು ನಂಬಿ.

ಇನ್ನು ಕೆಲಸದ ವಿಷಯ. ಸ್ಕ್ಯಾನ್ ಯಂತ್ರವು ರೋಗಿಯ ತಲೆಯನ್ನು ಬ್ರೆಡ್ಡಿನಂತೆ ಹೋಳು ಹೋಳಾಗಿ ಚಿತ್ರ ತೆಗೆಯುತ್ತದೆ. ಒಂದೊಂದು ಹೋಳಿನಲ್ಲೂ ಗಾಳಿ ಇರುವ ಜಾಗಕ್ಕೆ ಬಣ್ಣ ತುಂಬಿ, ಹೋಳುಗಳನ್ನು ಮತ್ತೆ ಜೋಡಿಸಿದರೆ ಮೂಗಿನೊಳಗಿನ ಖಾಲಿ ಜಾಗದ ಅಚ್ಚು ಸಿಗುತ್ತದೆ. ಅದನ್ನು ನಲವತ್ತು ಲಕ್ಷ ಪುಟ್ಟ ಕೋಣೆಗಳಾಗಿ ಒಡೆಯುತ್ತೇವೆ. ಪ್ರತಿ ಕೋಣೆಯೂ ತನ್ನ ಪಕ್ಕದ ಕೋಣೆಗೆ ಎಷ್ಟು ಗಾಳಿ ದಾಟಿಸಿತು, ಎಷ್ಟು ಒತ್ತಡದಿಂದ ದಾಟಿಸಿತು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಂದು ಉಸಿರಿನ ಲೆಕ್ಕ ಮುಗಿಯಲು ಒಂದು ದಿನ ಬೇಕು. ಕೆನ್ನೆಯ ಮೂಳೆಯೊಳಗಿನ ಟೊಳ್ಳುಗಳನ್ನು ಸೈನಸ್ ಎನ್ನುತ್ತಾರಲ್ಲ, ಅವು ಮುಖ್ಯರಸ್ತೆಗೆ ಬಾಗಿಲು ತೆರೆದ ಓಣಿಮನೆಗಳಂತೆ: ಗಾಳಿ ಬಾಗಿಲ ಮುಂದೆಯೇ ಓಡುತ್ತದೆ, ಒಳಗೆ ಹೋಗುವುದು ಅಪರೂಪ. ಮೂಗಿಗೆ ಹೊಡೆದ ಔಷಧಿ ಅಲ್ಲಿಗೆ ತಲುಪುತ್ತದೆಯೇ ಎಂಬುದೇ ನಮ್ಮ ಈಗಿನ ತಲೆನೋವು.

ನಮ್ಮ ಕೋಣೆಯಲ್ಲಿ ಎರಡು ಮೇಜು, ನಾಲ್ಕು ಪರದೆ, ಸದಾ ಗುಂಯ್ಗುಡುವ, ಕಬ್ಬಿಣದ ಬೀರುವಿನಂಥ ಒಂದು ಕಂಪ್ಯೂಟರ್. ಹೋಳುಗಳಿಗೆ ಬಣ್ಣ ತುಂಬುವವರನ್ನು ಎಲ್ಲರೂ ಬಣ್ಣದಣ್ಣ ಎನ್ನುತ್ತಾರೆ. ಮುಖ ಕಂಡರೆ ರೋಗಿ ಯಾರೆಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಅವರು ಹಣೆ, ಕಣ್ಣು, ಹೊರಮೂಗು ಎಲ್ಲವನ್ನೂ ಮೊದಲು ಕತ್ತರಿಸಿ, ಒಳದಾರಿಯನ್ನಷ್ಟೇ ನನಗೆ ಕೊಡುತ್ತಾರೆ. "ಸಾವಿರ ಜನರ ಮೂಗು ಕುಯ್ದಿದೀನಿ ಮೇಡಂ, ಒಬ್ರೂ ಜಗಳಕ್ಕೆ ಬಂದಿಲ್ಲ" ಎನ್ನುವುದು ಅವರ ಹೆಮ್ಮೆ.

ಮಗುವಿಗೆ ತಿಳಿಯಿತೇ?

ನಿಮ್ಮ
ಗಾಳಿಪಟ

---

ಜುಲೈ ೨

ಚಿ. ಗಾಳಿಪಟಕ್ಕೆ,

ಮಗುವಿಗೆ ತಿಳಿಯಿತು. ಓಣಿಮನೆಯ ಹೋಲಿಕೆಗೆ ಅಂಚಿನಲ್ಲಿ ಸರಿ ಗುರುತು ಹಾಕಿದೆ.

ಈಗ ಒಂದು ಕೆಲಸ ಹೇಳುತ್ತೇನೆ. ನನಗೊಬ್ಬರು ಗೆಳೆಯರಿದ್ದಾರೆ. ನನ್ನದೇ ವಯಸ್ಸು, ಅವರೂ ಉಪಾಧ್ಯಾಯರಾಗಿದ್ದವರು. ಹದಿನಾಲ್ಕು ವರ್ಷಗಳ ಹಿಂದೆ, ವರ್ಷವಿಡೀ ಬಿಡದ ನೆಗಡಿಗೆಂದು ಅವರ ಮೂಗಿಗೆ ಶಸ್ತ್ರಚಿಕಿತ್ಸೆಯಾಯಿತು. ಮೂಗಿನ ಒಳಗೋಡೆಯಿಂದ ಸುರುಳಿಯಂತೆ ಚಾಚಿಕೊಂಡ ಮಡಿಕೆಗಳಿರುತ್ತವೆಯಲ್ಲ, ಅವುಗಳಲ್ಲಿ ಕೆಳಗಿನವನ್ನು ಎರಡೂ ಕಡೆ ತೆಗೆದುಹಾಕಿದರು. ನೆಗಡಿ ಹೋಯಿತು, ಅದರ ಹಿಂದೆಯೇ ಉಸಿರೂ ಹೊರಟಿತು. ಮೂಗು ತೆರೆದೇ ಇದೆ, ಆದರೆ ಗಾಳಿ ಸಿಕ್ಕಿತೆಂಬ ಅನುಭವವೇ ಇಲ್ಲ. ಪಾಠದ ನಡುವೆ, ಅರ್ಧ ವಾಕ್ಯಕ್ಕೆ ನಿಂತುಬಿಡುತ್ತಿದ್ದರು. ಕಂಡ ವೈದ್ಯರೆಲ್ಲ ಟಾರ್ಚು ಹಾಕಿ ನೋಡಿ "ಸ್ವಚ್ಛವಾಗಿದೆ" ಎಂದರು. ಕೊನೆಗೆ ಶಾಲೆಯ ಸಮಿತಿಯವರು ಅವರ ಸೇವಾ ಪುಸ್ತಕದಲ್ಲಿ "ಮಾನಸಿಕ ದೌರ್ಬಲ್ಯದ ಕಾರಣ ಅವಧಿಗೆ ಮುನ್ನ ನಿವೃತ್ತಿ" ಎಂದು ಬರೆದು ಕಳಿಸಿಕೊಟ್ಟರು.

ಆ ಒಂದು ಸಾಲು ಅವರನ್ನು ಉಸಿರಿಗಿಂತ ಹೆಚ್ಚು ಕಟ್ಟಿಹಾಕಿದೆ. ಕಳೆದ ತಿಂಗಳಷ್ಟೇ ತೆಗೆಸಿದ ಸ್ಕ್ಯಾನಿನ ಸಿ.ಡಿ. ತಟ್ಟೆಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಹೆಸರನ್ನು ಅಳಿಸಿದ್ದೇನೆ, ಸಂಕೋಚದ ಮನುಷ್ಯ. ಅವರಿಗೆ ಬೇಕಾಗಿರುವುದು ಒಂದೇ ಉತ್ತರ: ತೊಂದರೆ ಮೂಗಿನಲ್ಲಿದೆಯೋ, ತಲೆಯಲ್ಲಿದೆಯೋ? ಯಾವುದಿದ್ದರೂ ಸಂಕೋಚಪಡದೆ ಬರೆ ಎಂದು ಅವರೇ ಹೇಳಿದ್ದಾರೆ.

ಮೇಷ್ಟ್ರು

---

ಜುಲೈ ೨೮

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಗೆಳೆಯರ ಮೂಗಿನ ಲೆಕ್ಕ ಮುಗಿಯಿತು. ತಪ್ಪಾಗಿರಬಹುದೆಂದು ಎರಡನೆಯ ಸಲವೂ ಮಾಡಿದೆ. ಅದೇ ಉತ್ತರ ಬಂತು.

ಅವರ ಮೂಗಿನಲ್ಲಿ ಗಾಳಿಗೆ ತಡೆಯೇ ಇಲ್ಲ. ಆರೋಗ್ಯವಂತರ ಮೂಗಿನಲ್ಲಿರುವುದರ ಅರ್ಧದಷ್ಟೂ ಇಲ್ಲ. ನಮ್ಮ ಶಸ್ತ್ರವೈದ್ಯರನ್ನು ದೊಡ್ಡ ಡಾಕ್ಟರು ಎನ್ನುತ್ತೇವೆ, ಅವರು ಚಿತ್ರ ನೋಡಿ, "ಇದು ಮೂಗಲ್ಲಮ್ಮ, ಹೆದ್ದಾರಿ! ಇಷ್ಟಗಲ ದಾರಿ ಇಟ್ಕೊಂಡು ಉಸಿರು ಕಟ್ತದೆ ಅಂದ್ರೆ, ತೊಂದರೆ ಇನ್ನೂ ನಾಲ್ಕು ಬೆರಳು ಮೇಲಿದೆ" ಎಂದು ಹಣೆ ಮುಟ್ಟಿ ತೋರಿಸಿದರು.

ನನಗೂ ಬೇರೆ ದಾರಿ ಕಾಣುತ್ತಿಲ್ಲ, ಮೇಷ್ಟ್ರೇ. ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆಯೇನೂ ಇಲ್ಲವೆಂದು ಅವರಿಗೆ ನೀವೇ ಮೆಲ್ಲಗೆ ತಿಳಿಹೇಳಬೇಕು. ನಿಮ್ಮ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.

ಸಂಖ್ಯೆಗಳ ಪಟ್ಟಿ ಲಗತ್ತಿಸಿದ್ದೇನೆ. ಅಮ್ಮನವರಿಗೆ ನಮಸ್ಕಾರ ತಿಳಿಸಿ.

ಗಾಳಿಪಟ

---

ಅಕ್ಟೋಬರ್ ೧೧

ಮಾನ್ಯ ವಿಭಾಗ ಮುಖ್ಯಸ್ಥರಿಗೆ,

ತಮ್ಮ ಜುಲೈ ೨೮ರ ಪತ್ರ ತಲುಪಿತು. ತಮ್ಮ ಆಗಸ್ಟ್ ೨೦ರ ಮತ್ತು ಸೆಪ್ಟೆಂಬರ್ ೯ರ ಕಾರ್ಡುಗಳೂ ತಲುಪಿದವು. ಉತ್ತರಿಸಲು ತಡವಾದದ್ದಕ್ಕೆ ಕಾರಣ ಬರೆಯುವ ಅಗತ್ಯವಿಲ್ಲ.

ಪತ್ರವನ್ನು ಗೆಳೆಯರಿಗೆ ಓದಿ ಹೇಳಿದೆ. ಅವರು ಎದ್ದುಹೋಗಿ ಕಿಟಕಿ ಮುಚ್ಚಿದರು.

ಕಳೆದ ವಾರ ತಮ್ಮ ಸಂಖ್ಯೆಗಳ ಪಟ್ಟಿಯನ್ನು ಮತ್ತೆ ಬಿಚ್ಚಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಕೇಳಿಕೊಂಡ ಪ್ರಶ್ನೆಯಲ್ಲಿ ತಪ್ಪಿದೆ. ಗೆಳೆಯರು ಉಪಾಧ್ಯಾಯರಾಗಿದ್ದವರಾದ್ದರಿಂದ ಹದಿನಾಲ್ಕು ವರ್ಷಗಳಿಂದ ಒಂದು ಪುಸ್ತಕ ಇಟ್ಟಿದ್ದಾರೆ. ಅದರಿಂದ ನಾಲ್ಕು ಸಾಲು:

"ಪುದೀನದ ಪೆಪ್ಪರ್‌ಮಿಂಟು ಬಾಯಲ್ಲಿಟ್ಟರೆ ಉಸಿರು ಬಂದಂತೆನಿಸುತ್ತದೆ, ಕರಗಿದೊಡನೆ ಹೋಗುತ್ತದೆ. ಚಳಿಯ ಮುಂಜಾನೆ ಮೇಲು. ಮುಚ್ಚಿದ ಕೋಣೆಯ ಬೆಚ್ಚನೆ ಗಾಳಿ ಕಷ್ಟ. ನೆಗಡಿಯಾಗಿ ಮೂಗು ಊದಿದ ದಿನ ಎಲ್ಲಕ್ಕಿಂತ ಸುಖ."

ಪೆಪ್ಪರ್‌ಮಿಂಟಿಗೆ ಮೂಗಿನ ದಾರಿಯನ್ನು ಹಿಗ್ಗಿಸುವ ಶಕ್ತಿಯಿಲ್ಲ. ಹಾಗಾದರೆ ಅದು ಮಾಡುವುದೇನು? ಮೂಗು ಊದಿ ದಾರಿ ಕಿರಿದಾದಾಗ ಸುಖವೇಕೆ? ತಲೆ ಕೆಟ್ಟವನು ಹದಿನಾಲ್ಕು ವರ್ಷ ಒಂದೇ ರೀತಿಯಲ್ಲಿ ಕೆಟ್ಟಿರಬಲ್ಲನೇ?

ಏಳನೆಯ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಿದ್ದೆ. ಎರಡು ಉಷ್ಣಮಾಪಕಗಳಿಗೆ ಒದ್ದೆ ಬಟ್ಟೆ ಸುತ್ತಿ, ಒಂದನ್ನು ಕಿಟಕಿಯ ಗಾಳಿಗೆ, ಇನ್ನೊಂದನ್ನು ಅದೇ ಕೋಣೆಯ ಮೂಲೆಗೆ ಇಟ್ಟೆವು. ಕಿಟಕಿಯದು ತಂಪಾಗಿ ಇಳಿಯಿತು. ಕೋಣೆಗೆ ಎಷ್ಟು ಗಾಳಿ ಬಂತೆಂಬುದು ಮೂಲೆಯ ಉಷ್ಣಮಾಪಕಕ್ಕೆ ಗೊತ್ತಾಗಲಿಲ್ಲ; ಅದನ್ನು ಗಾಳಿ ಮುಟ್ಟಲೇ ಇಲ್ಲ. ಅಂದು ಅಳತೆ ಬರೆದುಕೊಂಡವರು ತಾವೇ. ಗಾಳಿ ಎಷ್ಟು ಹೋಯಿತೆಂದು ಅಳೆದಿದ್ದೀರಿ. ಯಾವ ಗೋಡೆಯನ್ನು ಮುಟ್ಟಿಕೊಂಡು ಹೋಯಿತೆಂದು ಅಳೆದಿರಾ?

ನಿನ್ನ ಮೂಗಿನ ನೇರಕ್ಕೇ ಲೆಕ್ಕ ಹಾಕಿದ್ದೀಯೆ. ಮತ್ತೊಮ್ಮೆ ಮಾಡು.

ಮೇಷ್ಟ್ರು

---

ನವೆಂಬರ್ ೪

ಪೂಜ್ಯ ಮೇಷ್ಟ್ರಿಗೆ,

ಪತ್ರವನ್ನು ನಿಂತೇ ಓದಿದೆ. ಕೊನೆಯ ಸಾಲಿನಲ್ಲಿ ನೀವು "ನೀನು" ಎಂದಿರಿ, ಆಮೇಲೆ ಕೂತೆ.

ನಾವು ಗಾಳಿಯ ತಡೆಯನ್ನು ಮಾತ್ರ ನೋಡುತ್ತೇವೆ, ಏಕೆಂದರೆ ನಮ್ಮಲ್ಲಿಗೆ ಬರುವವರೆಲ್ಲ ಮೂಗು ಕಟ್ಟಿದವರೇ. ದಾರಿ ಕಿರಿದಾದರೆ ರೋಗ, ಅಗಲವಾದರೆ ಗುಣ. ಹತ್ತು ವರ್ಷಗಳಿಂದ ಕೈ ಅದೇ ಗುಂಡಿ ಒತ್ತುತ್ತಿದೆ. ಗಾಳಿ ಬಂತೆಂದು ನಮಗೆ ಹೇಳುವುದು ಮೂಗಿನ ಒದ್ದೆ ಗೋಡೆ ತಂಪಾಗುವುದು ಎಂದು ನಾನೇ ಎಲ್ಲೋ ಓದಿದ್ದೆ, ಓದಿ ಮರೆತಿದ್ದೆ.

ದೊಡ್ಡ ಡಾಕ್ಟರಿಗೆ ಹೇಳಿದೆ. "ಏನು, ಮೂಗಿಗೆ ಉಷ್ಣಮಾಪಕ ಕಟ್ತೀಯಾ? ಯಾರು ಹೇಳಿಕೊಟ್ಟಿದ್ದು?" ಎಂದರು. "ನಮ್ಮ ಏಳನೇ ಕ್ಲಾಸಿನ ಮೇಷ್ಟ್ರು" ಎಂದೆ. ನಕ್ಕರು. ಆದರೆ ಕಂಪ್ಯೂಟರನ್ನು ಎರಡು ವಾರ ನನಗೇ ಬಿಟ್ಟುಕೊಟ್ಟರು.

ತಂಪಿನ ಲೆಕ್ಕಕ್ಕೆ ಗಾಳಿ ಮೂಗಿನ ಹೊಳ್ಳೆಯನ್ನು ಯಾವ ದಿಕ್ಕಿನಿಂದ ಹೊಕ್ಕಿತೆಂದೂ ತಿಳಿಯಬೇಕು. ಅದಕ್ಕೆ ಹೊರಮೂಗು ಬೇಕೇ ಬೇಕು. ಬಣ್ಣದಣ್ಣ ಕತ್ತರಿಸಿಟ್ಟದ್ದನ್ನು ಬಿಟ್ಟು ಮೂಲ ತಟ್ಟೆಯನ್ನೇ ತೆರೆದು, ನಾಳೆಯಿಂದ ನಾನೇ ಅಚ್ಚು ಮಾಡುತ್ತೇನೆ. ಗೆಳೆಯರ ಅಭ್ಯಂತರವಿಲ್ಲ ತಾನೇ?

ಗಾಳಿಪಟ

---

ನವೆಂಬರ್ ೨೯ (ಅಂಚೆ ಕಾರ್ಡು)

ಚಿ. ಗಾಳಿಪಟಕ್ಕೆ,

ಇಪ್ಪತ್ತೈದು ದಿನಗಳಾದವು. ಎರಡು ವಾರವೆಂದು ನೀನು ಬರೆದಿದ್ದೆ. ಗೆಳೆಯರು ದಿನಾ ಟಪಾಲಿನವನ ದಾರಿ ಕಾಯುತ್ತಾರೆ. ಉತ್ತರ ಹಳೆಯದೇ ಆಗಿದ್ದರೂ ಬರೆ, ತಾಳಿಕೊಳ್ಳುತ್ತಾರೆ.

ಮೇಷ್ಟ್ರು

---

ಡಿಸೆಂಬರ್ ೯

ಪೂಜ್ಯ ಮೇಷ್ಟ್ರಿಗೆ,

ತಡವಾದದ್ದಕ್ಕೆ ಕ್ಷಮಿಸಿ. ಕೈ ಓಡಲಿಲ್ಲ. ಕಂಪ್ಯೂಟರ್ ಕೆಟ್ಟಿತ್ತೆಂದು ಬರೆಯೋಣವೆಂದುಕೊಂಡೆ; ಕೆಟ್ಟಿರಲಿಲ್ಲ.

ಉತ್ತರ ಹಳೆಯದಲ್ಲ. ತೊಂದರೆ ಮೂಗಿನಲ್ಲಿದೆ. ತಲೆಯಲ್ಲಿಲ್ಲ, ಎಂದೂ ಇರಲಿಲ್ಲ.

ಚಿತ್ರ ಲಗತ್ತಿಸಿದ್ದೇನೆ. ನೀಲಿ ಎಂದರೆ ಗಾಳಿ ಮುಟ್ಟಿ ತಂಪಾದ ಗೋಡೆ, ಕೆಂಪು ಎಂದರೆ ಗಾಳಿ ಮುಟ್ಟದ ಗೋಡೆ. ಆರೋಗ್ಯವಂತರ ಮೂಗಿನ ಬಹುಪಾಲು ನೀಲಿ. ನಿಮ್ಮ ಗೆಳೆಯರದು, ನೋಡಿ, ಮಡಿಕೆ ಇದ್ದ ಜಾಗದಿಂದ ಹಿಂದಿನವರೆಗೂ ಕೆಂಪು. ಗಾಳಿಯನ್ನು ಗೋಡೆಗೆ ಹಂಚಬೇಕಾಗಿದ್ದ ಮಡಿಕೆಗಳೇ ಇಲ್ಲ. ಬಂದ ಗಾಳಿಯೆಲ್ಲ ನಡುವೆ ಒಂದೇ ಧಾರೆಯಾಗಿ, ಯಾರನ್ನೂ ಮಾತಾಡಿಸದೆ ಹಿಂದಕ್ಕೆ ಓಡಿಹೋಗುತ್ತದೆ. ಗಾಳಿ ಬಂದಿದೆ, ಬಂದ ಸುದ್ದಿ ಮುಟ್ಟಿಲ್ಲ. ನೆಗಡಿಯ ದಿನ ಗೋಡೆ ಊದಿ ಧಾರೆಗೆ ಹತ್ತಿರವಾಗುತ್ತದೆ, ಅದಕ್ಕೇ ಆ ದಿನ ಸುಖ. ಪುಸ್ತಕದ ನಾಲ್ಕು ಸಾಲುಗಳೂ ಲೆಕ್ಕಕ್ಕೆ ಸರಿಹೊಂದಿದವು.

ದೊಡ್ಡ ಡಾಕ್ಟರು ಚಿತ್ರ ನೋಡಿ, "ಇಂಥವರನ್ನ ನಾನೇ ಹತ್ತಾರು ಜನರನ್ನ ಮನೆಗೆ ಕಳಿಸಿದೀನಿ ಕಣಮ್ಮ" ಎಂದರು. ಆಮೇಲೆ ಒಂದು ಪರೀಕ್ಷೆ ಹೇಳಿದರು. ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯ ತುಂಡನ್ನು ಮಡಿಕೆ ಇದ್ದ ಜಾಗದಲ್ಲಿ ಅರ್ಧ ಗಂಟೆ ಇಡುವುದು. ಎಲ್ಲಿಟ್ಟರೆ ಗಾಳಿ ಗೋಡೆಯತ್ತ ತಿರುಗುತ್ತದೆಂದು ಒಂಬತ್ತು ಕಡೆ ಕಂಪ್ಯೂಟರಿನಲ್ಲೇ ಹತ್ತಿ ಇಟ್ಟು ನೋಡಿದೆ. ಏಳನೆಯ ಜಾಗ ಸರಿಬಂತು. ಅದರ ನಕ್ಷೆಯೂ, ನಿಮ್ಮೂರಿನ ಮೂಗಿನ ವೈದ್ಯರಿಗೆ ದೊಡ್ಡ ಡಾಕ್ಟರ ಪತ್ರವೂ ಇದರಲ್ಲಿವೆ. ಹತ್ತಿಯಿಂದ ಉಸಿರು ಸಲೀಸಾದರೆ, ಅಲ್ಲೇ ಒಂದು ಪುಟ್ಟ ದಿಂಬಿನಂತೆ ಶಾಶ್ವತವಾಗಿ ಕಟ್ಟಬಹುದಂತೆ.

ಒಂದು ವಿಷಯ ಕೇಳಬೇಕಿತ್ತು. ನಿಮ್ಮ ಗೆಳೆಯರಿಗೆ ಹಿಂದೆ ಯಾವಾಗಲಾದರೂ ಮೂಗಿಗೆ ಪೆಟ್ಟು ಬಿದ್ದಿತ್ತೇ? ಶಸ್ತ್ರಚಿಕಿತ್ಸೆ ಬೇಕಾದದ್ದು ಅದರಿಂದಲೇ ಇರಬಹುದೇ? ಅವರಿಗೆ ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ.

ಗಾಳಿಪಟ

---

ಜನವರಿ ೬

ಚಿ. ಗಾಳಿಪಟಕ್ಕೆ,

ಈ ಪತ್ರದಲ್ಲಿ ಗೆಳೆಯರಿಲ್ಲ. ಅವರನ್ನು ಕಳಿಸಿಕೊಟ್ಟೆ.

ನಿನಗೂ ಅವರ ಅಗತ್ಯವಿಲ್ಲವೆಂದು ನಿನ್ನ ಚಿತ್ರದಿಂದಲೇ ತಿಳಿಯಿತು. ಆರೋಗ್ಯವಂತನ ಚಿತ್ರದಲ್ಲಿ ಹೊರಮೂಗು ಹಣೆಯ ಬುಡದವರೆಗೆ ಇದೆ. ಇನ್ನೊಂದರಲ್ಲಿ ಮೂಗಿನ ಮೇಲ್ಭಾಗವನ್ನು, ಕಚ್ಚು ಇರುವ ಜಾಗದಿಂದ ಕೂದಲೆಳೆಯಷ್ಟು ಕೆಳಗೆ, ನೇರವಾಗಿ ಕತ್ತರಿಸಿದೆ. ಲೆಕ್ಕಕ್ಕೆ ಆ ಕತ್ತರಿ ಬೇಕಿರಲಿಲ್ಲ. ಕಂಡವರು ಮಾತ್ರ ಅಷ್ಟು ಕರಾರುವಾಕ್ಕಾಗಿ ಮರೆಮಾಡಬಲ್ಲರು. ನನ್ನ ಮಾನ ಉಳಿಸಲು ನೀನು ಮಾಡಿದ ಆ ಒಂದು ತಪ್ಪಿಗೆ ಕೆಂಪು ಗೆರೆ ಎಳೆಯಲು ನನಗೆ ಕೈ ಬರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ಕಿಟಕಿಗೂ ಇದಕ್ಕೂ ಸಂಬಂಧವಿಲ್ಲ. ಕಿಟಕಿಯ ಪೆಟ್ಟು ಹೊರಗಿನ ಚರ್ಮಕ್ಕೆ, ಮೂರು ಹೊಲಿಗೆಗೆ ಮುಗಿಯಿತು. ಶಸ್ತ್ರಚಿಕಿತ್ಸೆಯಾದದ್ದು ಒಂಬತ್ತು ವರ್ಷಗಳ ನಂತರ, ಬೇರೆ ಕಾರಣಕ್ಕೆ, ಎರಡೂ ಕಡೆ. ಅಂದಿನ ವೈದ್ಯರ ಚೀಟಿಯ ಪ್ರತಿ ಲಗತ್ತಿಸಿದ್ದೇನೆ, ಓದಿಕೋ. ಮೊದಲು ನಡೆದದ್ದೆಲ್ಲ ಆಮೇಲೆ ನಡೆದದ್ದಕ್ಕೆ ಕಾರಣವಲ್ಲವೆಂದು ಕಲಿಸಿದ್ದೆ. ಅಷ್ಟೂ ದಿನ ನೀನು ಆ ಪಾಠ ಮರೆತು ಕೂತಿದ್ದೆ ಎಂದು ಈಗ ಅರ್ಥವಾಗುತ್ತಿದೆ. ನೀನು ಹೀಗೇ ತಿಳಿಯುತ್ತೀಯೆಂಬ ಭಯಕ್ಕೂ ಗೆಳೆಯರನ್ನು ಹುಟ್ಟಿಸಿದ್ದೆ. ಉಳಿದ ಕಾರಣ ನನ್ನ ಜಂಬ. ಅದನ್ನು ನೀನು ಬಲ್ಲೆ.

ಇನ್ನು ಪರೀಕ್ಷೆಯ ವರದಿ. ವೈದ್ಯರು ನಿನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿ, ಏಳನೆಯ ಜಾಗಕ್ಕೆ ಎರಡೂ ಕಡೆ ಹತ್ತಿ ಇಟ್ಟರು. ನಮ್ಮ ಮನೆಯವರು, "ಕಣ್ಣು ಬಿಟ್ಕೊಂಡೇ ಮೂಗಿಗೆ ಹತ್ತಿ ಇಡಿಸ್ಕೊಂಡ ಗಂಡಸು ನೀವೊಬ್ರೇ" ಎಂದು ಹೇಳಿ, ನಗಲೂ ಆಗದೆ ನೀರು ಕುಡಿಯಲು ಹೋದರು. ನಾನು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಐದು ನಿಮಿಷವಾಗಿರಬಹುದು. ಮೂಗಿನೊಳಗೆ ಏನೋ ತಣ್ಣಗೆ ಹರಿಯಿತು. ಹೆದರಿಕೆಯಾಯಿತು. ಇನ್ನೊಮ್ಮೆ ಎಳೆದುಕೊಂಡೆ. ಮತ್ತೆ ಬಂತು.

ಎದುರಿಗೆ ಆಸ್ಪತ್ರೆಯ ಸೂಚನಾ ಫಲಕವಿತ್ತು. ಓದಲು ಬೇರೇನೂ ಇರಲಿಲ್ಲ. ಎದ್ದು ನಿಂತು ಅದನ್ನೇ ಓದಿದೆ. "ಹೊರರೋಗಿಗಳು ಚೀಟಿ ಪಡೆದ ನಂತರ ತಮ್ಮ ಸರದಿ ಬರುವವರೆಗೆ ಶಾಂತರಾಗಿ ಕುಳಿತಿದ್ದು, ಕರೆದಾಗ ಒಬ್ಬೊಬ್ಬರಾಗಿ ಒಳಗೆ ಬರತಕ್ಕದ್ದು." ಒಂದೇ ಉಸಿರಿಗೆ, ಕೊನೆಯ ಬೆಂಚಿಗೆ ಕೇಳುವಂತೆ. ಮೂವರು ತಮ್ಮನ್ನೇ ಕರೆದರೆಂದು ತಿಳಿದು ಚೀಟಿ ಹಿಡಿದು ಬಾಗಿಲಿಗೆ ಓಡಿದರು. ದಾದಿ ಬಂದು ಗದರಿದಳು. ಪಡಸಾಲೆಯ ಆ ತುದಿಯಿಂದ ನಮ್ಮ ಮನೆಯವರು ಲೋಟ ಕೈಯಲ್ಲಿ ಹಿಡಿದೇ ಬಂದರು. "ಓದಿದ್ದು ನೀವೇನಾ?" ಎಂದರು. "ಇನ್ನೊಂದ್ಸಲ ಓದಿ."

ಓದಿದೆ. ದಾದಿ ಎರಡನೆಯ ಸಲವೂ ಗದರಿದಳು.

ಅರ್ಧ ಗಂಟೆಗೆ ಹತ್ತಿ ತೆಗೆದರು. ಉಸಿರು ಮತ್ತೆ ಕಾಣೆಯಾಯಿತು. ಫೆಬ್ರವರಿ ೧೯ಕ್ಕೆ ಶಸ್ತ್ರಚಿಕಿತ್ಸೆ ಗೊತ್ತುಮಾಡಿದ್ದಾರೆ. ನಿನ್ನ ಚಿತ್ರವನ್ನೂ ದೊಡ್ಡ ಡಾಕ್ಟರ ಪತ್ರದ ಪ್ರತಿಯನ್ನೂ ಶಾಲೆಗೆ ಕಳಿಸಿ, "ಸದರಿ ಸಾಲಿನ ಪಕ್ಕದಲ್ಲಿ ಇದನ್ನು ಲಗತ್ತಿಸತಕ್ಕದ್ದು" ಎಂದು ಅರ್ಜಿ ಹಾಕಿದ್ದೇನೆ. ಹೊಡೆದುಹಾಕಿರೆಂದು ಕೇಳಿಲ್ಲ. ಅವರ ಅಜ್ಞಾನವೂ ದಾಖಲೆಯಲ್ಲಿರಲಿ.

ನಿನ್ನ
ಮೇಷ್ಟ್ರು

---

ಜನವರಿ ೧೫

ಪೂಜ್ಯ ಮೇಷ್ಟ್ರಿಗೆ,

ಅಂದು ಪರದೆಯ ಮೇಲೆ ಹೋಳುಗಳೆಲ್ಲ ಕೂಡಿಕೊಂಡು ಗದ್ದ ಬಂತು, ತುಟಿ ಬಂತು, ಮೂಗು ಬಂತು, ಆಮೇಲೆ ಆ ಕಚ್ಚು. ಬಣ್ಣದಣ್ಣ "ಯಾರು ಮೇಡಂ, ಗೊತ್ತಿರೋರಾ?" ಎಂದರು. "ನನಗೆ ಗಾಳಿ ಅಂದ್ರೇನು ಅಂತ ತೋರಿಸಿದವರು" ಎಂದೆ. ಅವರು ಎದ್ದು, ಬಾಗಿಲು ಹಾಕಿಕೊಂಡು ಹೊರಗೆ ಹೋದರು, ಪಾಪ. ಜುಲೈನಲ್ಲಿ ನಾನು ಬರೆದ ಪತ್ರದ ನಕಲು ನನ್ನ ಬಳಿ ಇದೆ. ದಿನಾ ಓದುತ್ತಿದ್ದೆ. ವೈದ್ಯರ ಚೀಟಿ ಓದಿಕೊಂಡೆ; ಕಿಟಕಿಯ ಭಾರವನ್ನು ಇಳಿಸಿದ್ದೇನೆ. ಆ ಪತ್ರದ್ದನ್ನು ಇಳಿಸಲಾರೆ.

ಮೊನ್ನೆ ಎಂಟು ಆಸ್ಪತ್ರೆಗಳ ಶಸ್ತ್ರವೈದ್ಯರ ಮುಂದೆ ಈ ಲೆಕ್ಕ ತೋರಿಸಿದೆ. ತಂಪನ್ನು ಅಳೆಯಬೇಕೆಂದು ಹೊಳೆದದ್ದು ಯಾರಿಗೆ ಎಂದು ಒಬ್ಬರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡ ಡಾಕ್ಟರು ಎದ್ದು, "ರೋಗಿಗೆ" ಎಂದರು. "ನಾವು ತಲೆ ಕೆಟ್ಟಿದೆ ಅಂದಿದ್ದ ರೋಗಿಗೆ."

ನಿಮ್ಮ
ಗಾಳಿಪಟ

---

ಮಾರ್ಚ್ ೨೨

ಚಿ. ಗಾಳಿಪಟಕ್ಕೆ,

ಜನವರಿಯ ಪತ್ರದಲ್ಲಿ ತಪ್ಪುಗಳಿಲ್ಲ. ಜುಲೈನ ಪತ್ರವನ್ನು ಹರಿದುಹಾಕಬೇಡ. ತಪ್ಪು ಮಾಡಿದ ಹಾಳೆಯೂ ಪುಸ್ತಕದಲ್ಲೇ ಇರಬೇಕು, ಅದರ ಎದುರಿನ ಪುಟದಲ್ಲಿ ಸರಿಯಾದ ಲೆಕ್ಕವಿದ್ದರೆ ಸಾಕು. ಶಾಲೆಯಿಂದ ಉತ್ತರ ಬಂದಿದೆ: ಲಗತ್ತಿಸಿದ್ದಾರೆ. ಔಷಧಿ ಅಂಗಡಿಯವನಿಗೆ ಒಂದೇ ಸಲ ಹೇಳಿದೆ. ಉಳಿದದ್ದನ್ನು ನಮ್ಮ ಮನೆಯವರೇ ಹೇಳಿ ಬಂದರು, ಎಂಟೂ ಮನೆಗೆ.

ಕಟ್ಟು ಬಿಚ್ಚಿ ಮೂರು ವಾರವಾಯಿತು. ಬರೆಯುವುದು ಬಹಳವಿದೆ, ಆದರೆ ಬರೆಯಲು ಮನಸ್ಸಿಲ್ಲ.

ಭಾನುವಾರ ಬೆಳಗ್ಗೆ ಹತ್ತಕ್ಕೆ ದೂರವಾಣಿ ಮಾಡು. ಬಿಡುವು ಮಾಡಿಕೊಂಡು ಕೂತುಕೋ. ನಾನು ಬೇಗ ನಿಲ್ಲಿಸುವವನಲ್ಲ.

ಮೇಷ್ಟ್ರು